ತೆರೆಗೆ ಬಾರದ ಹರೆಯ

ಸಿಂಧನೂರಿನ ನನ್ನ ಮನೆಗೆ ಈಚೀಚೆಗೆ ನಟನೆಗೆ ಹೊರಟ ಹುಡುಗಿಯರು ಬರುತ್ತಾರೆ. ಧಾರಾವಾಹಿಗೆ ಆಯ್ಕೆಯಾದವರು, ಆಯ್ಕೆಗೆ ಹೋಗಿ ಬರಿಗೈಲಿ ಬಂದವರು, ಗೆಳತಿಯರ ಜೊತೆ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವವರು. ಎಲ್ಲರೂ ಕೇಳುವುದು ಒಂದೇ ಮಾತು.

"ಅಮ್ಮಾರ, ನಿಮಗ ಆ ದೊಡ್ಡ ಪಾತ್ರ ಹ್ಯಾಂಗ ಸಿಕ್ತು, ಹೇಳ್ರಿ."

ನಾನು ಚಹಾ ಕೊಟ್ಟು ಬೇರೆ ಮಾತು ತೆಗೆಯುತ್ತೇನೆ. ಬಾಯಿಂದ ಹೇಳಲು ಹೊರಟರೆ ಅದು ಯಾಕೋ ಹೆಮ್ಮೆಯ ಕಥೆಯಾಗಿಬಿಡುತ್ತದೆ. ಹುಡುಗಿಯರ ಕಣ್ಣು ಹೊಳೆಯತೊಡಗುತ್ತವೆ, ನಾನೂ ಆ ಹೊಳಪಿಗೆ ತಕ್ಕಂತೆ ಮಾತಾಡತೊಡಗುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪ್ರಶಸ್ತಿ, ಸನ್ಮಾನಗಳನ್ನು ಇಲ್ಲಿ ಹೇಳುವುದಿಲ್ಲ. ಅವು ಪಡಸಾಲೆಯ ಗೋಡೆಯ ಮೇಲಿವೆ, ಬಂದವರು ನೋಡಿಕೊಳ್ಳಬಹುದು.

ನಾನು ಮಸ್ಕಿಯವಳು. ಹುಟ್ಟಿದಾಗಿನ ಹೆಸರು ಹುಸೇನಬಿ. ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮೀ ನನ್ನನ್ನು ಕರೆದುಕೊಂಡು ಸಿಂಧನೂರಿಗೆ ಬಂದು, ಅಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಅಡುಗೆಗೆ ಸೇರಿದಳು. ಆ ಅಡುಗೆಮನೆಗೂ ರಂಗಕ್ಕೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ನಾನು ಅದನ್ನು ಬೇಗನೇ ದಾಟಿದೆ. ಕಂಪನಿಯವರು ನನಗೆ ಶೋಭಾ ಎಂದು ಹೆಸರಿಟ್ಟರು. ಅಮ್ಮೀ ಮಾತ್ರ ಕೊನೆಯವರೆಗೂ ಹುಸೇನಬಿ ಎಂದೇ ಕರೆದಳು.

ನನಗೆ ಬರುತ್ತಿದ್ದದ್ದೆಲ್ಲ ಹರೆಯದ ಹುಡುಗಿಯ ಪಾತ್ರಗಳು. ಓಡಿಬಂದು ರಂಗದ ನಡುವೆ ಥಟ್ಟನೆ ನಿಲ್ಲುವುದು ನನ್ನ ಪ್ರವೇಶ. ಲಿಂಗಸುಗೂರು, ಮುದಗಲ್, ಹಟ್ಟಿ ಎಲ್ಲ ಕಡೆಯೂ ಅದಕ್ಕೆ ಶಿಳ್ಳೆ ಬೀಳುತ್ತಿತ್ತು. ಹಟ್ಟಿಯಲ್ಲಿ ಗಣಿಯ ಪಾಳಿ ಮುಗಿಸಿದವರು ನೇರ ಡೇರೆಗೆ ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅವರು ನಕ್ಕರೆ ನಾಟಕ ಗೆದ್ದಂತೆ.

ಲಿಂಗಸುಗೂರಿನಲ್ಲಿ ನಾಟಕ ನೋಡಿದ ವಾಸುದೇವ ಸರ್ ಮರುದಿನ ಬೆಳಿಗ್ಗೆಯೇ ನಮ್ಮ ಬಿಡಾರಕ್ಕೆ ಬಂದರು. ಅವರು ಬೆಂಗಳೂರಿನ ನಿರ್ದೇಶಕರು, ಸಣ್ಣ ದೇಹ, ದೊಡ್ಡ ಕನ್ನಡಕ. ನಮ್ಮ ಕಡೆಯ ಕಾಲುವೆಯ ಬಗ್ಗೆ ಸಿನಿಮಾ ಮಾಡುವವರಿದ್ದರು. ಕಥೆಯಲ್ಲಿ ಈರವ್ವ ಎಂಬ ಹುಡುಗಿ ಕಾಲುವೆ ತೋಡುವ ಕೂಲಿಗೆ ಬರುತ್ತಾಳೆ. ಅಲ್ಲೇ ಮದುವೆಯಾಗುತ್ತಾಳೆ, ಅಲ್ಲೇ ಮಣ್ಣು ಕುಸಿದು ಗಂಡನನ್ನು ಕಳೆದುಕೊಳ್ಳುತ್ತಾಳೆ. ಮುದುಕಿಯಾದ ಮೇಲೆ, ತಾನೇ ಮಣ್ಣು ಹೊತ್ತ ಕಾಲುವೆಯ ನೀರು ಕೊನೆಯಲ್ಲಿರುವ ತನ್ನ ಹೊಲಕ್ಕೆ ಮುಟ್ಟದಾಗ, ಮೇಲಿನವರ ಹೊಲಕ್ಕೆ ನೀರು ಹೋಗುವ ತೂಬಿನ ಬಾಯಲ್ಲಿ ಹೋಗಿ ಕೂತುಬಿಡುತ್ತಾಳೆ. ಹುಡುಗಿ ಈರವ್ವ ನಾನು. ಮುದುಕಿ ಈರವ್ವನಿಗೆ ಬೆಂಗಳೂರಿನಿಂದ ಹೆಸರುವಾಸಿ ಹಿರಿಯ ನಟಿಯೊಬ್ಬರು ಬರುವುದೆಂದು ಗೊತ್ತಾಗಿತ್ತು.

ಮೊದಲ ದಿನವೇ ನಗೆಪಾಟಲಾದೆ. ಕ್ಯಾಮೆರಾ ಮಾರು ದೂರದಲ್ಲಿದೆ, ನಾನು ಹಿಂದಿನ ಸಾಲಿನ ನಾಲ್ಕಾಣೆಯವರಿಗೂ ಕೇಳಬೇಕೆಂದು ಕೂಗಿ ಮಾತಾಡಿದೆ. ಸರ್ ಕಿವಿಗೆ ಬೆರಳಿಟ್ಟುಕೊಂಡರು.

"ಯಾರನ್ನ ಕರೀತಿದ್ದೀಯಮ್ಮ? ಹಟ್ಟಿಯವರನ್ನಾ?"

ಎಲ್ಲರೂ ನಕ್ಕರು. ಆ ದಿನವೆಲ್ಲ ನಾನು ಪಿಸುಗುಟ್ಟಿದೆ. ಸಂಜೆ ಸರ್ ಪಕ್ಕಕ್ಕೆ ಕರೆದು, "ನಿನ್ನ ಮಾತು ಎದುರಿಗಿರೋನಿಗೆ ಮುಟ್ಟಿದ್ರೆ ಸಾಕು. ಅವನಿಗೆ ಮುಟ್ಟಿದ್ರೆ ಎಲ್ಲರಿಗೂ ಮುಟ್ಟುತ್ತೆ" ಎಂದರು. ಹೊಸಬರಿಗೆ ಇಂದಿಗೂ ನಾನು ಇದನ್ನೇ ಹೇಳುತ್ತೇನೆ. ಅವರಿಂದ ಕಲಿತದ್ದು ಬಹಳ. ಅದನ್ನು ಮರೆತು ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

ಆ ಬೇಸಗೆಯೆಲ್ಲ ಮಸ್ಕಿಯ ಹೊರಗೆ ಮಣ್ಣು ಹೊತ್ತೆ. ಸುಳ್ಳು ಬುಟ್ಟಿಯಲ್ಲ, ನಿಜವಾದ ಮಣ್ಣು. ಥರ್ಮಾಕೋಲ್ ಹಾಕಿ ಮೇಲೆ ಮಣ್ಣು ಸವರಿದರೆ ಕುತ್ತಿಗೆ ಸುಳ್ಳು ಹೇಳುತ್ತದೆ ಎಂದು ಸರ್ ಒಪ್ಪಲಿಲ್ಲ. ಏರಿ ಹತ್ತುವಾಗ ಅಂಗಾಲು ಸುಟ್ಟು ಗುಳ್ಳೆ ಎದ್ದವು. ಆದರೂ ಅಷ್ಟು ಸಂತೋಷದ ದಿನಗಳನ್ನು ಆಮೇಲೆ ನಾನು ಕಾಣಲಿಲ್ಲ.

ಹುಡುಗಿ ಈರವ್ವನ ಕೊನೆಯ ದೃಶ್ಯಕ್ಕೆ ಮಾತ್ರ ಮಳೆಗಾಲದವರೆಗೆ ಕಾದೆವು. ತೋಡಿ ಮುಗಿಸಿದ ಕಾಲುವೆಗೆ ಮೊದಲ ಸಲ ನೀರು ಬರುತ್ತದೆ, ಆಕೆ ಕಾಲುವೆಯ ಒಳಗೇ ನೀರಿನ ಮುಂದೆ ಮುಂದೆ ಓಡುತ್ತಾಳೆ. ಕಾಲುವೆಗೆ ನಿಜವಾಗಿ ನೀರು ಬಿಡುವ ದಿನವೇ ತೆಗೆಯಬೇಕು. ಒಮ್ಮೆ ನೆಲ ನೆನೆದರೆ ಮುಗಿಯಿತು, ಎರಡನೇ ಸಲ ಇಲ್ಲ. ಸಾಲಗುಂದದ ಕಡೆಯ ಒಂದು ಉಪಕಾಲುವೆಯನ್ನು ಆರಿಸಿದ್ದರು. ಅಲ್ಲಿ ನೀರು ಮೊಣಕಾಲು ಮಟ್ಟ ಮುಟ್ಟುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಏರಿಯ ಮೇಲೆ ಹಗ್ಗ ಹಿಡಿದ ಆಳುಗಳನ್ನೂ ನಿಲ್ಲಿಸಿದ್ದರು. ಸುತ್ತಲಿನ ಹಳ್ಳಿಯವರೆಲ್ಲ ಏರಿಯ ಮೇಲೆ ಸೇರಿದ್ದರು.

ನೀರು ನಾನು ಎಣಿಸಿದಂತೆ ಸದ್ದು ಮಾಡಿಕೊಂಡು ಬರಲಿಲ್ಲ. ಕಸಕಡ್ಡಿ, ಒಣ ಎಲೆ, ನೊರೆ ದೂಡಿಕೊಂಡು, ನಾಲಿಗೆ ಚಾಚಿದ ಹಾಗೆ ಮೆಲ್ಲಗೆ ಬಂತು. ಒಮ್ಮೆಲೇ ಹಿಮ್ಮಡಿಗೆ ತಣ್ಣಗೆ ಮುಟ್ಟಿತು. ನಾನು ಸೀರೆ ಎತ್ತಿ ಕಟ್ಟಿದ್ದೆ, ಓಡತೊಡಗಿದೆ. ಕ್ಯಾಮೆರಾದ ಜೀಪು ಏರಿಯ ಮೇಲೆ ಜೊತೆಗೇ ಬರುತ್ತಿತ್ತು. ಅರ್ಧ ದಾರಿಯಲ್ಲಿ ಮುಗ್ಗರಿಸಿ ಬಿದ್ದೆ, ನೀರು ನನ್ನನ್ನು ದಾಟಿ ಮುಂದೆ ಹೋಯಿತು. ಬಿದ್ದದ್ದು ಕಥೆಯಲ್ಲಿರಲಿಲ್ಲ. ನಗು ತಡೆಯಲಾಗಲಿಲ್ಲ. ಎದ್ದು, ನಗುತ್ತಲೇ ನೀರಿನ ಹಿಂದೆ ಓಡಿ, ಮತ್ತೆ ಅದರ ಮುಂದೆ ಹೋದೆ. ಏರಿಯ ಮೇಲಿದ್ದ ಮುದುಕಿಯೊಬ್ಬಳು, "ಓಡ ಬೇ ಯವ್ವಾ, ಓಡ! ನೀರು ಹಿಡಿಬಾರದು ನಿನ್ನ!" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಸರ್ "ಕಟ್" ಎಂದು ಹೇಳುವುದನ್ನೇ ಮರೆತಿದ್ದರು. ಕೊನೆಗೆ ಫಿಲಂ ಮುಗಿದು ಕ್ಯಾಮೆರಾ ತಾನೇ ನಿಂತಿತು.

ಅದು ನನ್ನ ಬದುಕಿನ ಅತ್ಯುತ್ತಮ ಕೆಲಸ. ಅದನ್ನು ನೋಡಿದವರು ಅವತ್ತು ಏರಿಯ ಮೇಲೆ ನಿಂತಿದ್ದವರು ಮಾತ್ರ.

ಕೆಲವು ದಿನಗಳಲ್ಲಿ ಹಿರಿಯ ನಟಿ ಬಂದರು. ಒಳ್ಳೆಯ ಹೆಂಗಸು. ನನಗೆ ತಮ್ಮ ಊಟದ ಡಬ್ಬಿಯಿಂದ ತುತ್ತು ಕೊಟ್ಟಿದ್ದರು. ಅವರಿಗೆ ಉಬ್ಬಸವಿತ್ತು. ತೂಬಿನ ದೃಶ್ಯಕ್ಕೆ ನೀರಿನಲ್ಲಿ ಎಷ್ಟೋ ಹೊತ್ತು ಕೂರಬೇಕೆಂದು ತಿಳಿದ ವೈದ್ಯರು ಖಂಡಿತ ಬೇಡವೆಂದರು. ಅವರು ಅಳುತ್ತಲೇ ಬಸ್ಸು ಹತ್ತಿದರು. ಚಿತ್ರೀಕರಣ ನಿಂತಿತು. ಎರಡನೇ ದಿನ ಸರ್ ನನ್ನನ್ನು ಕರೆಸಿದರು.

"ಶೋಭಾ, ಮುದುಕಿ ಈರವ್ವನನ್ನೂ ನೀನೇ ಮಾಡ್ತೀಯಾ? ಸಂಜೆ ಒಳಗೆ ಹೇಳು."

ನನಗೆ ಆಗ ಇಪ್ಪತ್ತಾರು. ಸಂಜೆಯವರೆಗೆ ಕಾಯಲಿಲ್ಲ, ಅಲ್ಲೇ ಹೂಂ ಎಂದೆ. ಒಂದೇ ಸಿನಿಮಾದಲ್ಲಿ ಹುಡುಗಿಯೂ ನಾನೇ, ಮುದುಕಿಯೂ ನಾನೇ! ಯಾರಿಗೆ ಸಿಗುತ್ತದೆ ಅಂಥದು?

ಮೇಕಪ್ ಮಾಡುವ ಗೋವಿಂದಪ್ಪನವರು ಮೈಸೂರು ಕಡೆಯವರು, ಅರವತ್ತು ದಾಟಿದವರು. ನನ್ನ ಹಣೆಗೆ ಹತ್ತಿಯ ಎಳೆ, ಅಂಟು ಹಚ್ಚಿ ಸುಕ್ಕು ಕೂರಿಸುತ್ತಾ ಅವರು ಹೇಳಿದರು:

"ಮಗಳೇ, ಈ ಬಿಳಿ ಕೂದಲು ಇದೆಯಲ್ಲ, ಇದನ್ನ ನಾನು ಸಂಜೆ ತೆಗೀತೀನಿ. ಆದರೆ ನೋಡಿದವರ ಕಣ್ಣಿಂದ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಯೋಚನೆ ಮಾಡಿದ್ದೀಯಾ?"

"ಹುಡುಗಿ ಆಗಿದ್ದನ್ನೂ ನೋಡ್ತಾರಲ್ಲ ಸರ್," ಎಂದೆ.

ಅವರು ಇನ್ನೊಂದು ಎಳೆ ಹತ್ತಿ ತೆಗೆದು ಅಂಟಿನಲ್ಲಿ ಅದ್ದಿದರು.

ಆ ಅಂಟಿನ ಬಗ್ಗೆ ಹೊಸಬರಿಗೆ ಹೇಳಬೇಕು. ಈಗ ಮೆತ್ತನೆಯ ಸಿಲಿಕಾನ್ ತುಣುಕುಗಳು ಬಂದಿವೆ, ಮುಖಕ್ಕೆ ಗಾಳಿಯಾಡುತ್ತದೆ. ಆಗಿನದು ಒಣಗಿದರೆ ಚರ್ಮವನ್ನೇ ಹಿಂಡುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಸಂಜೆಯವರೆಗೆ ನಗುವಂತಿಲ್ಲ, ಅಗಿಯುವಂತಿಲ್ಲ, ಮಜ್ಜಿಗೆಯನ್ನು ನಳಿಗೆಯಿಂದ ಹೀರಬೇಕು. ಸಿಂಧನೂರಿನ ಬಿಸಿಲಿಗೆ ಕಾಲ ಎಂಬುದಿಲ್ಲ. ಬೆವರು ಅಂಟಿನೊಳಗೇ ಕುದಿಯುತ್ತಿತ್ತು. ತೆಗೆಯುವಾಗ ಹುಬ್ಬಿನ ಕೂದಲೂ ಬರುತ್ತಿತ್ತು. ನಡಿಗೆಯನ್ನು ಅಮ್ಮೀಯಿಂದ ಕದ್ದೆ. ಒಲೆಯ ಮುಂದೆ ಕೂತೂ ಕೂತೂ ಅವಳ ಮೊಣಕಾಲು ಹೋಗಿದ್ದವು. ಏಳುವಾಗ ಮೊದಲು ಕೈ ಊರುತ್ತಿದ್ದಳು, ಆಮೇಲೆ ಸೊಂಟ, ಕೊನೆಗೆ ತಲೆ.

ತೂಬಿನ ದೃಶ್ಯಕ್ಕೆ ಪುಟ ತುಂಬ ಮಾತಿತ್ತು. ಕಾಲುವೆಯ ಕೂಲಿ, ಸತ್ತ ಗಂಡ, ಸರಕಾರ ಎಲ್ಲ ಅದರಲ್ಲಿದ್ದವು. ಬಾಯಿಪಾಠ ಮಾಡಿದ್ದೆ. ಆದರೆ ನೀರಿನಲ್ಲಿ ಕೂತು, ಬೆಳಕು ಸರಿಯಿಲ್ಲ, ಜನ ಸರಿಯಿಲ್ಲ ಎಂದು ಮತ್ತೆ ಮತ್ತೆ ತೆಗೆದು, ಮಧ್ಯಾಹ್ನ ಕಳೆಯುವ ಹೊತ್ತಿಗೆ ಹಲ್ಲು ಕಟಕಟಿಸತೊಡಗಿದವು. ಮಾತು ಮರೆತೇ ಹೋಯಿತು. ಎದುರಿಗೆ ನಿಂತಿದ್ದ ಜಮೀನ್ದಾರನ ಪಾತ್ರಧಾರಿ ಕಾಯುತ್ತಿದ್ದಾರೆ, ಕ್ಯಾಮೆರಾ ಓಡುತ್ತಿದೆ. ಬಾಯಿಗೆ ಬಂದದ್ದು ಇಷ್ಟೇ:

"ಕೊನೀ ಹೊಲ ನಂದು. ಅಲ್ಲಿಗಿ ನೀರು ಮುಟ್ಟೂತನಾ ನಾ ಏಳಂಗಿಲ್ಲ."

ತಪ್ಪಿದೆನೆಂದು ತಲೆ ತಗ್ಗಿಸಿದೆ. ಸರ್ ಅದನ್ನೇ ಇಟ್ಟುಕೊಂಡರು. ಮುಂದೆ ಜನ ನನ್ನನ್ನು ಗುರುತಿಸಿ ಹೇಳುತ್ತಿದ್ದದ್ದು ಆ ಒಂದು ಮಾತನ್ನೇ. ಮರೆವಿನಿಂದ ಹುಟ್ಟಿದ್ದು ಎಂದರೆ ಯಾರೂ ನಂಬುವುದಿಲ್ಲ.

ಡಬ್ಬಿಂಗಿಗೆ ಬೆಂಗಳೂರಿಗೆ ಹೋದೆ. ಆಗ ಚಿತ್ರದ ತುಣುಕನ್ನು ಪರದೆಯ ಮೇಲೆ ಸುತ್ತಿ ಸುತ್ತಿ ತೋರಿಸುತ್ತಿದ್ದರು, ತುಟಿಗೆ ಸರಿಯಾಗಿ ಮಾತು ಕೂರಿಸಬೇಕಿತ್ತು. ಹುಡುಗಿ ಈರವ್ವನಿಗೆ ತೆಳುವಾದ ದನಿ, ಮುದುಕಿಗೆ ಒಡೆದ ದನಿ ಎಂದು ಎರಡನ್ನೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಒಂದಾದ ಮೇಲೊಂದು ಮುದುಕಿಯ ತುಣುಕುಗಳೇ ಬಂದವು. ಎಲ್ಲ ಮುಗಿದು ದೀಪ ಹಾಕಿದರು.

"ಮೊದಲಿನ ಭಾಗ ನಾಳಿಗೇನ್ರಿ?" ಎಂದು ಧ್ವನಿಗ್ರಹಣದವರನ್ನು ಕೇಳಿದೆ.

"ಯಾವ ಮೊದಲಿನ ಭಾಗ?" ಎಂದರು ಅವರು. "ಇಷ್ಟೇ ಅಲ್ವಾ ಸಿನಿಮಾ?"

ಸರ್ ಎಡಿಟಿಂಗ್ ಕೋಣೆಯಲ್ಲಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಕುರ್ಚಿ ಎಳೆದು ಕೂರಿಸಿದರು.

"ನಾನೇ ನಿನಗೆ ಹೇಳಬೇಕಿತ್ತು. ಎರಡನ್ನೂ ಇಟ್ಟು ನೋಡಿದೆ ಶೋಭಾ. ಮುದುಕಿ ತೂಬಿನಲ್ಲಿ ಕೂತಾಗ ಆಕೆ ಹಿಂದೆ ಏನೇನು ಕಂಡಿದ್ದಾಳೆ ಅನ್ನೋದು ಎಲ್ಲ ಆ ಮುಖದಲ್ಲೇ ಇದೆ. ನೀನು ಅಷ್ಟು ಚೆನ್ನಾಗಿ ಮಾಡಿಬಿಟ್ಟಿದ್ದೀಯ. ಹುಡುಗಿಯನ್ನ ತೋರಿಸಿದರೆ ಅದನ್ನೇ ಎರಡು ಸಲ ಹೇಳಿದ ಹಾಗಾಗುತ್ತೆ."

"ಓಡಿದ್ದೂ ಇಲ್ಲೇನ್ರಿ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಅದನ್ನ ಬಿಡೋಕೆ ವಾರ ಬೇಕಾಯ್ತು ನನಗೆ," ಎಂದರು.

ಚೆನ್ನಾಗಿ ಮಾಡಿದ್ದಕ್ಕೇ ಅರ್ಧ ಕೆಲಸ ಹೋಯಿತು ಎಂದರೆ ಯಾರ ಮೇಲೆ ಸಿಟ್ಟಾಗುವುದು? ನಾನು ಎದ್ದು ಬಂದೆ.

ಸಿನಿಮಾ ಸಿಂಧನೂರಿಗೂ ಬಂತು. ಅಮ್ಮೀ ಹಬ್ಬದ ಸೀರೆ ಉಟ್ಟು, ಕಂಪನಿಯ ಹೆಂಗಸರಿಗೆಲ್ಲ "ನಮ್ಮ ಹುಸೇನಬಿ ಹೀರೋಯಿನ್ ಆಗ್ಯಾಳ" ಎಂದು ಸಾರಿ, ನನ್ನ ಕೈ ಹಿಡಿದು ಮ್ಯಾಟಿನಿಗೆ ಬಂದಳು. ನಾನು ದಾರಿಯಲ್ಲೇ ಹೇಳಬೇಕೆಂದಿದ್ದೆ. ಅವಳ ಖುಷಿ ನೋಡಿ ನಾಲಿಗೆ ಏಳಲಿಲ್ಲ. ತೆರೆಯ ಮೇಲೆ ನೋಡಿದರೆ ತಾನೇ ಗುರುತಿಸುತ್ತಾಳೆ, ಹೆತ್ತವಳಲ್ಲವೇ ಎಂದುಕೊಂಡೆ.

ಸಿನಿಮಾ ಶುರುವಾಯಿತು. ಅಮ್ಮೀ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ಹುಡುಕತೊಡಗಿದಳು. ಹೆಂಗಸರ ಗುಂಪು ಬಂದಾಗಲೆಲ್ಲ ನನ್ನ ತೋಳು ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಮುದುಕಿ ಅಂಗಳದಲ್ಲಿ ಕೈಯೂರಿ ಎದ್ದಳು.

"ಪಾಪ, ಆ ಮುದುಕಿಗಿ ನನ್ನಂಗ ಮೊಣಕಾಲು ನೋವು ಐತಿ ನೋಡ," ಎಂದಳು.

ಮಧ್ಯಂತರದಲ್ಲಿ ಅವಳಿಗೆ ತಾಳ್ಮೆ ತಪ್ಪಿತು. "ಅರ್ಧ ಮುಗೀತಲ್ಲ ಬೇಟಿ. ನೀ ಯಾವಾಗ ಬರ್ತಿ?"

"ಇನ್ನೂ ಐತಿ ಅಮ್ಮೀ, ನೋಡು," ಎಂದೆ.

ತೂಬಿನ ದೃಶ್ಯಕ್ಕೆ ಟಾಕೀಸಿನ ಮುಂದಿನ ಸಾಲಿನವರೂ ಶಿಳ್ಳೆ ನಿಲ್ಲಿಸಿದರು. ಆಮೇಲೆ ಚಪ್ಪಾಳೆ. ಅಮ್ಮೀ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ದೀಪ ಹತ್ತಿದವು. ಜನ ಎದ್ದರು. ಅವಳು ಕೂತೇ ಇದ್ದಳು.

"ನಿನ್ನ ತಗದೇ ಒಗದಾರೇನ?" ಎಂದು ಕೇಳಿದಳು.

"ಆ ಮುದುಕಿನ ನಾನು ಅಮ್ಮೀ."

ಅವಳು ನಂಬಲಿಲ್ಲ. ತೆರೆಯ ಕಡೆ ನೋಡಿದಳು, ಅಲ್ಲಿ ಬರೀ ಬಿಳಿ ಬಟ್ಟೆ ಇತ್ತು. ನನ್ನ ಕಡೆ ತಿರುಗಿದಳು. ಅಂಟಿನಿಂದ ಕೆನ್ನೆಯ ಮೇಲೆ ಉಳಿದಿದ್ದ ಕಪ್ಪು ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಇಷ್ಟು ಚಂದ ಮಾರಿ ಇಟಗೊಂಡು ಅದನ್ನ ತೋರಿಸಲಿಲ್ಲಲ್ಲ ಬೇಟಿ ನೀನು," ಎಂದಳು. "ನಾ ಮಂದಿಗಿ ಏನಂತ ಹೇಳ್ಲಿ?"

ಹೊರಗೆ ಜನ ನಮ್ಮನ್ನು ದಾಟಿಕೊಂಡು ಮುದುಕಿಯ ಬಗ್ಗೆ ಮಾತಾಡುತ್ತಾ ಹೋಗುತ್ತಿದ್ದರು. ಒಬ್ಬರೂ ನನ್ನನ್ನು ಗುರುತಿಸಲಿಲ್ಲ.

ಆ ಪಾತ್ರದಿಂದ ನಾನು ಗೆದ್ದೆ, ಅದರಲ್ಲಿ ಎರಡು ಮಾತಿಲ್ಲ. ಪತ್ರಿಕೆಗಳಲ್ಲಿ ಬಂತು, ಬೆಂಗಳೂರಿನಿಂದ ಕರೆಗಳು ಬಂದವು. ಮೊದಲ ಕರೆ ತಾಯಿಯ ಪಾತ್ರಕ್ಕೆ, ಎರಡನೆಯದು ವಿಧವೆ ಅತ್ತೆಗೆ, ಮೂರನೆಯದು ಅಜ್ಜಿಗೆ. "ನನಗಿನ್ನೂ ಮೂವತ್ತಾಗಿಲ್ಲರಿ" ಎಂದು ಒಬ್ಬ ನಿರ್ಮಾಪಕರಿಗೆ ಹೇಳಿದೆ. "ಅದೇ ಅನುಕೂಲ ಅಲ್ವಾಮ್ಮ? ಸುಸ್ತಾಗಲ್ಲ," ಎಂದರು ಅವರು. ಕೆಟ್ಟ ಮನುಷ್ಯರಲ್ಲ, ನಿಜವಾಗಿ ಹಾಗೇ ಎಣಿಸಿದ್ದರು. ಹುಡುಗಿಯ ಉಡುಪಿನಲ್ಲಿ ಫೋಟೋ ತೆಗೆಸಿ, ನಾಲ್ಕಾರು ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ನೋಡಿ, "ಇವರು ನಿಮ್ಮ ಮಗಳಾ?" ಎಂದು ಬರೆದು ಕೇಳಿದವರಿದ್ದಾರೆ.

ಕಂಪನಿಗೆ ವಾಪಸು ಹೋಗಬಹುದಿತ್ತು. ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಿದ್ದಳು, ಚೆನ್ನಾಗಿಯೇ ಓಡಿಬರುತ್ತಿದ್ದಳು. ಅಮ್ಮೀಗೆ ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಬಂದ ಕೆಲಸ ಒಪ್ಪಿಕೊಂಡೆ.

ಒಂದು ಸಿನಿಮಾದಲ್ಲಿ ಹೆಸರಾಂತ ನಾಯಕರೊಬ್ಬರು ಮಗನಾಗಿದ್ದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಊರು ಬಿಟ್ಟು ಹೋಗುವ ದೃಶ್ಯ, "ಅಮ್ಮಾ" ಎಂದು ನನ್ನ ಕಾಲಿಗೆ ಬಿದ್ದರು. ನನಗರಿವಿಲ್ಲದೆ ಹಿಂದೆ ಸರಿದು, "ಬ್ಯಾಡ್ರಿ ಅಣ್ಣಾ, ಏಳ್ರಿ" ಎಂದುಬಿಟ್ಟೆ. ಸೆಟ್ಟೆಲ್ಲ ನಗೆ. ಅವರೂ ನಕ್ಕರು. ಆಮೇಲೆ ಚಹಾ ಕುಡಿಯುವಾಗ ಮೆಲ್ಲಗೆ, "ನಿಮ್ಮ ವಯಸ್ಸೆಷ್ಟು?" ಎಂದು ಕೇಳಿದರು. ಹೇಳಿದೆ. ಅವರ ಮುಖ ಸಪ್ಪಗಾಯಿತು. ಮುಂದಿನ ಶಾಟಿನಲ್ಲಿ ನನ್ನ ಕಣ್ಣು ನೋಡಿ ಮಾತಾಡಲು ಅವರಿಗೆ ಕಷ್ಟವಾಯಿತು. ಅಂದಿನಿಂದ ಸೆಟ್ಟಿನಲ್ಲಿ ಯಾರಿಗೂ ವಯಸ್ಸು ಹೇಳಲಿಲ್ಲ. ಹೇಳದೆ ಹೇಳದೆ ಆ ವಯಸ್ಸೇ ಕಳೆದುಹೋಯಿತು.

ಎಷ್ಟೋ ವರ್ಷಗಳ ಮೇಲೆ, ಹಳೆಯ ಸಿನಿಮಾಗಳನ್ನು ಹೊಸದಾಗಿ ಪ್ರತಿ ಮಾಡುತ್ತಾರೆಂದು ಕೇಳಿ, ವಾಸುದೇವ ಸರ್ ಮನೆಗೆ ಹೋದೆ. ಅವರಿಗೆ ಆಗ ಕಿವಿ ಮಂದವಾಗಿತ್ತು.

"ಸರ್, ಕಾಲುವೆ ಒಳಗ ಓಡಿದ್ದು ಎಲ್ಲಾದರೂ ಉಳಿದದ ಏನ್ರಿ?" ಎಂದು ಜೋರಾಗಿ ಕೇಳಿದೆ.

ಅವರು ತಲೆ ಅಲ್ಲಾಡಿಸಿದರು. ಬಿಟ್ಟ ತುಣುಕುಗಳೆಲ್ಲ ಲ್ಯಾಬಿನಲ್ಲೇ ಇದ್ದವಂತೆ. ಲ್ಯಾಬು ಮುಚ್ಚಿದಾಗ ಗುಜರಿಗೆ ಹೋದವಂತೆ. ಹಳೆಯ ಫಿಲಂ ತೊಳೆದು ಅದರೊಳಗಿನ ಬೆಳ್ಳಿ ತೆಗೆದುಕೊಳ್ಳುವವರಿರುತ್ತಿದ್ದರು.

"ನಾನು ಹುಡುಕಿಸಿದ್ದೆ ಶೋಭಾ. ನೀನು ಕೇಳೋಕೆ ಮುಂಚೆನೇ," ಎಂದರು. ಆಮೇಲೆ, "ಆದರೂ ಸಿನಿಮಾ ಸರಿಯಾಗೇ ಇದೆ. ಅದನ್ನ ಸೇರಿಸಿದ್ದರೆ ಕೆಡ್ತಿತ್ತು," ಎಂದರು.

ಅದೂ ನಿಜ. ಆ ಸಿನಿಮಾವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲ್ಲೂ ಏನೂ ಕಡಿಮೆ ಬಿದ್ದಂತೆ ಕಾಣುವುದಿಲ್ಲ. ಕಡಿಮೆ ಬಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಈಗ ಏನೂ ಕಳೆಯುವುದಿಲ್ಲ. ಬೇಡವಾದದ್ದೂ ಹಾರ್ಡ್ ಡಿಸ್ಕ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಶಾಟು ಮುಗಿದ ಕೂಡಲೇ ಮಾನಿಟರಿನಲ್ಲಿ ನೋಡಬಹುದು, ಹುಡುಗಿಯರು ಕೇಳಿ ಮೊಬೈಲಿಗೆ ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಳ್ಳಿ, ನಾಚಿಕೆಪಡಬೇಡಿ. ನೀವು ಮಾಡಿದ್ದು ತೆರೆಗೆ ಬಂದೇ ಬರುತ್ತದೆಂದು ಲೆಕ್ಕ ಹಾಕಿ ಯಾವ ಪಾತ್ರವನ್ನೂ ಒಪ್ಪಿಕೊಳ್ಳಬೇಡಿ. ಇದಕ್ಕಿಂತ ಹೆಚ್ಚು ಬುದ್ಧಿ ಹೇಳುವ ಧೈರ್ಯ ನನಗಿತ್ತು, ಕೊನೆಯ ಸಿನಿಮಾದವರೆಗೆ.

ಅದರಲ್ಲಿ ನಾನು ನಾಯಕನ ಅಜ್ಜಿ. ತಾಯಿಯ ಪಾತ್ರಕ್ಕೆ ನಯನಾ ಎಂಬ ಹುಡುಗಿಯನ್ನು ತಂದಿದ್ದರು. ಮೇಕಪ್ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಕಿವಿಯ ಹತ್ತಿರ ಬಿಳಿ ಬಣ್ಣ ಹಚ್ಚುತ್ತಿದ್ದರು. ಇಪ್ಪತ್ತೈದು ದಾಟಿರಲಿಲ್ಲ. ಮೇಕಪ್ಪಿನವರು ಹೊರಗೆ ಹೋದೊಡನೆ ನನ್ನ ಕಡೆ ತಿರುಗಿದಳು.

"ಅಮ್ಮಾರ, ನಾ ಮುದಗಲ್ಲಿನಾಕಿ. ಸಣ್ಣಾಕಿ ಇದ್ದಾಗ ಟಿವಿಯೊಳಗ ನಿಮ್ಮ ಈರವ್ವನ್ನ ನೋಡೀನಿ."

"ಹೌದೇನವ್ವ?" ಎಂದೆ.

"ಈ ಪಾತ್ರ ಬಂದಾಗ ಎಲ್ಲಾರೂ ಬ್ಯಾಡ ಅಂದ್ರು. ಇಷ್ಟು ಲಗೂನ ತಾಯಿ ಪಾತ್ರ ಮಾಡಿದ್ರ ಮುಗೀತು ಅಂದ್ರು. ನಾ ಏನಂದೆ ಗೊತ್ತೇನ್ರಿ? ನಮ್ಮ ಶೋಭಮ್ಮ ನನ್ನಷ್ಟ ಇದ್ದಾಗ ಮುದುಕಿ ಆಗಿ ಗೆದ್ದಾರ, ನಾ ಯಾಕ ಮಾಡಬಾರದು ಅಂದೆ. ನಿಮ್ಮನ್ನ ನೋಡೇ ಒಪ್ಪಿಕೊಂಡೀನ್ರಿ ಅಮ್ಮಾರ."

ಅವಳು ನಗುತ್ತಾ ನನ್ನ ಆಶೀರ್ವಾದಕ್ಕೆ ಕಾಯುತ್ತಿದ್ದಳು. ನನ್ನ ಬಾಯಲ್ಲಿ ಇಷ್ಟೂ ಕಥೆ ಇತ್ತು. ಎಲ್ಲಿಂದ ತೆಗೆಯಬೇಕು ತಿಳಿಯಲಿಲ್ಲ. ಬಾಗಿಲಲ್ಲಿ ಸಹನಿರ್ದೇಶಕಿ ಇಣುಕಿದಳು.

"ಅಮ್ಮಾ, ಶಾಟ್ ರೆಡಿ."

ಇಷ್ಟು ವರ್ಷದ ರೂಢಿ, ನಾನು ಎದ್ದು ನಿಂತೆ.

"ನೀವಲ್ಲ ಮೇಡಂ," ಎಂದಳು ಆಕೆ. "ಇವರು."

ನಯನಾ ಜಿಗಿದೆದ್ದು ಓಡಿದಳು. ಹೊರಗಿನಿಂದ ಯಾರೋ, "ಓಡಬೇಡಿ ಅಮ್ಮಾ, ವಯಸ್ಸಾಗಿದೆ ನಿಮಗೆ!" ಎಂದು ಕೂಗಿದ್ದು ಕೇಳಿಸಿತು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ಸಿನಿಮಾ ಮುಗಿಸಿ ಸಿಂಧನೂರಿಗೆ ಬಂದೆ. ಮತ್ತೆ ಬಣ್ಣ ಹಚ್ಚಲಿಲ್ಲ. ನಯನಾ ಆಗಾಗ ಫೋನ್ ಮಾಡುತ್ತಾಳೆ. ಮೊನ್ನೆಯೂ ಮಾಡಿದ್ದಳು. ಕೈತುಂಬ ಕೆಲಸವಿದೆಯಂತೆ, ಊರಿಗೆ ಬರಲೂ ಪುರಸೊತ್ತಿಲ್ಲವಂತೆ. ಎಂಥ ಪಾತ್ರಗಳು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.